ಪೊಲೀಸ್ ಆಗಬೇಕು ಅಂತಿದ್ದೇನೆ, ಓಟ ಬಿಟ್ಟು ಇನ್ನೇನು ಬೇಕು?

ಬೆಳಗಿನ ಓಟ:
ನನಗೆ ಈಗ 22. ಡಿಗ್ರಿ ಮುಗಿಯಿತು. ಸಿಟಿ ಪೊಲೀಸ್ ಆಗಬೇಕು ಅಂತ ಹೈಸ್ಕೂಲಿನಿಂದಲೂ ತಲೆಯಲ್ಲಿ ಕೂತುಬಿಟ್ಟಿದೆ. ಯಾರನ್ನು ಕೇಳಿದರೂ ಒಂದೇ ಮಾತು, ಓಡು, ದಿನಾ ಓಡು. ಓಡುತ್ತಿದ್ದೇನೆ. ಎತ್ತರ, ವಯಸ್ಸು, ಅರ್ಜಿಯ ತಾರೀಖು ಇವೆಲ್ಲ ಆಯಾ ಊರಿನ ಅಧಿಸೂಚನೆಯಲ್ಲೇ ಸಿಗುತ್ತವೆ, ಅದನ್ನು ಇಲ್ಲಿ ಕೇಳುತ್ತಿಲ್ಲ. ನನಗೆ ಗೊತ್ತಾಗಬೇಕಿರುವುದು ಬೇರೆ. ಹೊಸದಾಗಿ ಸೇರಿದವನು ಒಂದು ಪಾಳಿಯಲ್ಲಿ ನಿಜವಾಗಿ ಏನು ಮಾಡುತ್ತಾನೆ? ಎಂಥವರಿಗೆ ಈ ಕೆಲಸ ಒಗ್ಗುತ್ತದೆ, ಎಂಥವರು ಎರಡೇ ವರ್ಷಕ್ಕೆ ಬಿಟ್ಟು ಹೋಗುತ್ತಾರೆ? ಒಳಗಿನವರು ಯಾರಾದರೂ ಇದ್ದರೆ ಬಣ್ಣ ಕಟ್ಟದೆ ಹೇಳಿ.

ಸೀಟಿ ಮಾಸ್ಟರ್:
ಓಟದ ವಿಷಯ ನಾನು ಮುಗಿಸಿಬಿಡುತ್ತೇನೆ, ಆಮೇಲೆ ಒಳಗಿನವರು ಮಾತಾಡಲಿ. ಹನ್ನೊಂದು ವರ್ಷದಿಂದ ಹುಡುಗ ಹುಡುಗಿಯರನ್ನು ಈ ಪರೀಕ್ಷೆಗೆ ತಯಾರು ಮಾಡುತ್ತಿದ್ದೇನೆ.

ದೇಹದ ಪರೀಕ್ಷೆ ಎಲ್ಲ ಕಡೆ ಒಂದೇ ತರ ಇರುವುದಿಲ್ಲ. ಕೆಲವು ಕಡೆ ಒಂದೂವರೆ ಮೈಲಿ ಓಟ, ಕೆಲವು ಕಡೆ ಉದ್ದ ಜಿಗಿತ, ಗುಂಡು ಎಸೆತ, ಇನ್ನು ಕೆಲವು ಕಡೆ ಗೋಡೆ ಹತ್ತಿ ಇಳಿದು ಮನುಷ್ಯನ ಭಾರದ ಬೊಂಬೆಯನ್ನು ಎಳೆದುಕೊಂಡು ಹೋಗಬೇಕು. ಇಂಗ್ಲೆಂಡಿನಲ್ಲಿ ಬೀಪ್ ಟೆಸ್ಟ್, ಅಂದರೆ ಎರಡು ಗೆರೆಗಳ ನಡುವೆ ಹೋಗಿ ಬಂದು ಓಡುವುದು, ಪ್ರತಿ ಬೀಪ್ ಸದ್ದಿಗೆ ಮುಂಚೆ ಎದುರಿನ ಗೆರೆ ಮುಟ್ಟಬೇಕು. ಮೂಲ ಬೀಪ್ ಟೆಸ್ಟ್ 20 ಮೀಟರಿನದು, ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರುವಾಗಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುತ್ತಾ ಹೋಗುತ್ತದೆ. ಅಲ್ಲಿನ ಪೊಲೀಸರಿಗೆ 15 ಮೀಟರ್ ಅಂತರ, 5.4, ಅಂದರೆ ಐದನೇ ಹಂತದ ನಾಲ್ಕನೇ ಓಟ, ಮುಟ್ಟಿದರೆ ಪಾಸ್. ನಾಲ್ಕು ನಿಮಿಷ ಕೂಡ ಆಗುವುದಿಲ್ಲ. ಕೇಳಿದರೆ ನಗು ಬರುತ್ತೆ ಅಲ್ವಾ? ಆದರೂ ಇಂಥ ಓಟದಲ್ಲಿ ಜನ ಬೀಳುತ್ತಾರೆ. ಉಸಿರಿರುತ್ತದೆ, ತಿರುಗಲು ಬರುವುದಿಲ್ಲ. ಗೆರೆ ದಾಟಿ ಎರಡು ಹೆಜ್ಜೆ ಮುಂದೆ ಹೋಗಿ ಬಸ್ಸು ತಿರುಗಿಸಿದ ಹಾಗೆ ಸುತ್ತು ಹಾಕಿಕೊಂಡು ಬರುತ್ತಾರೆ. ಪ್ರತಿ ತಿರುವಿಗೂ ಅಷ್ಟು ದೂರ ದಂಡ.

ಗೆರೆ ಹತ್ತಿರ ಬಂದಾಗ ಸೊಂಟ ಸ್ವಲ್ಪ ಇಳಿಸು. ಕೊನೆ ಹೆಜ್ಜೆಯಲ್ಲಿ ಪಾದ ಗೆರೆಯ ಉದ್ದಕ್ಕೆ ಕೂರಬೇಕು, ಬೆರಳು ಮುಂದಕ್ಕೆ ನೋಡಬಾರದು. ಅದೇ ಕಾಲಲ್ಲಿ ನೆಲ ಒದ್ದು ವಾಪಸ್. ಒಂದು ಸಲ ಎಡಗಾಲು, ಮುಂದಿನ ಸಲ ಬಲಗಾಲು. ಯಾವಾಗಲೂ ಒಂದೇ ಕಾಲಲ್ಲಿ ತಿರುಗಿದರೆ ಹದಿನೈದು ದಿನಕ್ಕೆ ಆ ಮಂಡಿ ಕೈಕೊಡುತ್ತದೆ. ಓಟದ ಬಗ್ಗೆ ಇಷ್ಟೇ.

ಇನ್ನೊಂದು. ಓಟಕ್ಕಿಂತ ಮುಂಚೆ ಕಣ್ಣು ತೋರಿಸು. ಚುಕ್ಕಿಗಳೊಳಗೆ ಅಂಕಿ ಹುಡುಕುವ ಇಶಿಹಾರ ಪುಸ್ತಕ ಇರುತ್ತದಲ್ಲ, ಅದನ್ನು ಓದಲು ಆಗದವರು ತುಂಬಾ ಜನ ಗಂಡು ಹುಡುಗರು. ಎರಡು ವರ್ಷ ಓಡಿ, ಬರವಣಿಗೆ ಪರೀಕ್ಷೆ ಪಾಸಾಗಿ, ಕೊನೆಯ ಮೆಡಿಕಲ್‌ನಲ್ಲಿ ತನಗೆ ಕೆಂಪು ಹಸಿರು ಸರಿಯಾಗಿ ಕಾಣುವುದಿಲ್ಲ ಅಂತ ಮೊದಲ ಬಾರಿ ತಿಳಿದುಕೊಂಡ ಹುಡುಗನ ಮುಖ ನಾನು ನೋಡಿದ್ದೇನೆ.

ಹಳೇ ಬೀಟು:
31 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಟೈಪಿಂಗ್ ನಿಧಾನ, ಸಹಿಸಿಕೊಳ್ಳಿ.

ತಮ್ಮಾ, ನಿನ್ನ ಪ್ರಶ್ನೆ ಓದಿ ಕೂತು ಲೆಕ್ಕ ಹಾಕಿದೆ. 31 ವರ್ಷದಲ್ಲಿ ನಾನು ಕಳ್ಳನ ಹಿಂದೆ ಓಡಿದ್ದು ಎಂಟೋ ಒಂಬತ್ತೋ ಸಲ. ಹಿಡಿದದ್ದು ಮೂರು. ಬರೆದ ಪುಟಗಳನ್ನು ಎಣಿಸಲು ಆಗುವುದಿಲ್ಲ.

ಹೊಸಬನ ಪಾಳಿ ಹೀಗಿರುತ್ತದೆ. ಕಾಲು ಗಂಟೆ ಮುಂಚೆ ಹಾಜರಿ. ಹಿಂದಿನ ಪಾಳಿಯವರು ಒಪ್ಪಿಸುತ್ತಾರೆ, ಕಳುವಾದ ಗಾಡಿಯ ನಂಬರು, ಕಾಣೆಯಾದ ಮುದುಕ, ಯಾವ ಬೀದಿಯಲ್ಲಿ ಜಗಳ ಹೊಗೆಯಾಡುತ್ತಿದೆ ಅನ್ನುವುದು. ವೈರ್‌ಲೆಸ್ ಸೆಟ್ಟು ತಗೊಂಡು ಬ್ಯಾಟರಿ ನೋಡಿ ಸಹಿ ಹಾಕಬೇಕು. ಆಮೇಲೆ ಬೀಟು, ಅಂದರೆ ನಮಗೆ ಒಪ್ಪಿಸಿದ ಬೀದಿಗಳ ಗಸ್ತು. ಕರೆ ಬಂದ ಕಡೆ ಹೋಗುವುದು, ಬರದಿದ್ದಾಗ ನಡೆಯುವುದು. ಪಕ್ಕದ ಮನೆಯ ಸದ್ದು, ಗೇಟಿಗೆ ಅಡ್ಡ ನಿಲ್ಲಿಸಿದ ಕಾರು, ಎರಡು ದಿನದಿಂದ ಬಾಗಿಲು ತೆಗೆಯದ ಅಜ್ಜಿ, ಗಂಡ ಹೆಂಡತಿ ಜಗಳ, ರಸ್ತೆ ಅಪಘಾತ, ದಾರಿ ತಪ್ಪಿದ ಮಗು. ಇವುಗಳಲ್ಲಿ ಅರ್ಧಕ್ಕರ್ಧ ಅಪರಾಧವೇ ಅಲ್ಲ. ಬೇರೆ ಯಾರನ್ನು ಕರೆಯಬೇಕು ಅಂತ ತಿಳಿಯದೆ ಜನ ನಮ್ಮನ್ನು ಕರೆದಿರುತ್ತಾರೆ.

ಕೊಲೆಯ ಜಾಗಕ್ಕೆ ಹೋದರೆ ಹೊಸಬನಿಗೆ ಸಿಗುವ ಕೆಲಸ ಏನು ಗೊತ್ತಾ? ಟೇಪ್ ಕಟ್ಟಿ ಬಾಗಿಲಲ್ಲಿ ನಿಲ್ಲುವುದು. ಒಳಗೆ ಹೋದವರ ಹೆಸರು, ಹೋದ ಹೊತ್ತು, ಬಂದ ಹೊತ್ತು ಬರೆಯುವುದು. ಎಷ್ಟೇ ದೊಡ್ಡ ಸಾಹೇಬರು ಬಂದರೂ ತಡೆದು ಹೆಸರು ಬರೆದುಕೊಂಡೇ ಬಿಡಬೇಕು. ಅವರು ಕಣ್ಣು ಕೆಕ್ಕರಿಸುತ್ತಾರೆ, ಆದರೂ ಬರೆಯಬೇಕು. ಎಂಟು ಗಂಟೆ ನಿಂತೇ ಇರಬೇಕಾಗಬಹುದು. ಅದಕ್ಕೆ ಬೇಕಾದ ದಮ್ಮು ಓಟದ ದಮ್ಮಲ್ಲ.

ಇನ್ನು ಜೇಬಿನ ನೋಟ್‌ಬುಕ್ಕು. ಪುಟಕ್ಕೆ ನಂಬರು ಇರುತ್ತದೆ, ಹಾಳೆ ಹರಿಯುವಂತಿಲ್ಲ. ನಡುವೆ ಸಾಲು ಖಾಲಿ ಬಿಡುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ, ಗೆರೆಯ ಅಡಿಯ ಅಕ್ಷರ ಓದಲು ಬರಲೇಬೇಕು. ಇದನ್ನು ನಾನು ತರಬೇತಿಯಲ್ಲಿ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ. ಸೇರಿದ ಎರಡನೇ ವರ್ಷ. ರಾತ್ರಿ ಒಂದು ಅಂಗಡಿ ಕಳ್ಳತನ, ಓಡುತ್ತಿದ್ದವನನ್ನು ನಾನೇ ಹಿಡಿದೆ. ಆ ಮೂರರಲ್ಲಿ ಒಂದು ಇದು. ಸುಸ್ತಾಗಿತ್ತು, ಬೆಳಗ್ಗೆ ಪಾಳಿ ಮುಗಿಸುವಾಗ ಬರೆದೆ. ಹಿಡಿದ ಹೊತ್ತು 2:40 ಅಂತ ಬರೆದೆ. ಒಂದೂವರೆ ವರ್ಷ ಆದಮೇಲೆ ಕೋರ್ಟಿನಲ್ಲಿ ಆ ಕಡೆಯ ವಕೀಲರು ಕಂಟ್ರೋಲ್ ರೂಮಿನ ದಾಖಲೆ ತೆಗೆದರು. ‘ಒಬ್ಬನನ್ನು ಹಿಡಿದಿದ್ದೇನೆ’ ಅಂತ ನಾನೇ ವೈರ್‌ಲೆಸ್‌ನಲ್ಲಿ ಹೇಳಿದ್ದು 2:10ಕ್ಕೆ. ನಡುವಿನ ಅರ್ಧ ಗಂಟೆ ಅವನನ್ನು ಎಲ್ಲಿ ಇಟ್ಟಿದ್ದಿರಿ, ಏನು ಮಾಡಿದಿರಿ ಅಂತ ಕೇಳಿದರು. ಏನೂ ಮಾಡಿರಲಿಲ್ಲ, ಗಡಿಯಾರ ನೋಡಿರಲಿಲ್ಲ ಅಷ್ಟೇ. ಅವನು ಬಿಡುಗಡೆಯಾದ. ಹೊರಗೆ ಬಂದು ನನ್ನನ್ನು ನೋಡಿ ನಕ್ಕ, ಅದೂ ಕೆಟ್ಟ ನಗುವಲ್ಲ, ಪಾಪ ಅನ್ನುವ ತರ.

ಅಡ್ಡ ಮಾತು:
ಸರ್, ಓದಲು ಚೆನ್ನಾಗಿದೆ. ಆದರೆ ನಾವು ಹೊರಗಿನವರು ನೋಡುವ ಪೊಲೀಸ್ ಬೇರೆ. ಕಾಲೇಜಿನಲ್ಲಿದ್ದಾಗ ನನ್ನ ಫೋನ್ ಕಿತ್ತುಕೊಂಡು ಹೋದರು. ಕೈಯಿಂದ ಕಿತ್ತುಕೊಂಡಿದ್ದು, ಬೆರಳು ಉಳುಕಿತ್ತು. ದೂರು ಕೊಡಲು ಹೋದರೆ ‘ಕಳೆದುಹೋಗಿದೆ ಅಂತ ಬರೆದುಕೊಡು, ಬೇಗ ಕೆಲಸ ಆಗುತ್ತೆ’ ಅಂದರು. ಬರೆದುಕೊಟ್ಟೆ. ಫೋನ್ ಬರಲಿಲ್ಲ, ಅವರ ಲೆಕ್ಕದಲ್ಲಿ ಕಳ್ಳತನವೇ ನಡೆದಿಲ್ಲ. ಈಗ ಹೇಳಿ, ಆ ಮೇಜಿನ ಆ ಕಡೆ ಕೂತಿದ್ದವನೂ ಒಂದು ಕಾಲದಲ್ಲಿ ಈ ಹುಡುಗನ ತರ ಹೈಸ್ಕೂಲಿನಿಂದ ಕನಸು ಕಂಡವನೇ ಅಲ್ವಾ? ಓಟ, ನೋಟ್‌ಬುಕ್ಕು ಎಲ್ಲ ಸರಿ, ಮನುಷ್ಯ ಒಳಗೆ ಹೋದ ಮೇಲೆ ಏನಾಗುತ್ತಾನೆ ಅನ್ನುವುದಕ್ಕೆ ಪರೀಕ್ಷೆ ಎಲ್ಲಿದೆ?

ಹಳೇ ಬೀಟು:
ಸುಳ್ಳು ಹೇಳುವುದಿಲ್ಲ. ‘ಕಳೆದುಹೋಗಿದೆ’ ಅಂತ ನಾನೂ ಬರೆಸಿದ್ದೇನೆ. ತಿಂಗಳ ಕೊನೆಯಲ್ಲಿ ಮೇಲಿನವರು ಠಾಣೆಯ ಅಂಕಿ ನೋಡುತ್ತಾರೆ, ಅಂಕಿ ಏರಿದರೆ ಬೈಗುಳ. ಬೈಗುಳ ತಪ್ಪಿಸಿಕೊಳ್ಳಲು ಬರೆಸಿದೆ. ನಿಮ್ಮ ಹತ್ತಿರ ಹಾಗೆ ಬರೆಸಿಕೊಂಡವನು ನಾನಲ್ಲ, ಆದರೆ ನನ್ನಂಥವನೇ.

ಓದಿದ್ದು ಜಾಸ್ತಿ:
ಅಂಕಿಯ ವಿಷಯ ಬಂತು, ಸ್ವಲ್ಪ ಹಿಂದಕ್ಕೆ ಹೋಗೋಣ. ಸಮವಸ್ತ್ರ ಹಾಕಿ ಬೀಟು ನಡೆಯುವ ಈಗಿನ ನಗರ ಪೊಲೀಸ್ ಪದ್ಧತಿಗೆ ಲಂಡನ್‌ನ ಮೆಟ್ರೋಪಾಲಿಟನ್ ಪೊಲೀಸ್ ಮಾದರಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. 1829ರಲ್ಲಿ ಗೃಹಮಂತ್ರಿಯಾಗಿದ್ದ ರಾಬರ್ಟ್ ಪೀಲ್ ಕಾನೂನು ತಂದ. ಮೊದಲ ಇಬ್ಬರು ಕಮಿಷನರ್‌ಗಳಲ್ಲಿ ಒಬ್ಬ ಸೈನಿಕ, ಚಾರ್ಲ್ಸ್ ರೋವನ್, ಇನ್ನೊಬ್ಬ ವಕೀಲ, ರಿಚರ್ಡ್ ಮೇನ್. ಅವರು ಕೊಟ್ಟ ಸೂಚನೆಯಲ್ಲಿ ಮೊದಲು ಬರುವ ಮಾತೇ ಅಪರಾಧ ಆಗದಂತೆ ತಡೆಯುವುದು ಮುಖ್ಯ ಗುರಿ ಅಂತ. ಹಿಡಿಯುವುದು ಆಮೇಲೆ. ತಮಾಷೆ ಏನೆಂದರೆ ಒಂದನೇ ನಂಬರಿನ ಕಾನ್‌ಸ್ಟೇಬಲ್ ಕೆಲಸಕ್ಕೆ ಬಂದ ಮೊದಲ ದಿನವೇ ಕುಡಿದು ಸಿಕ್ಕಿಬಿದ್ದು ಮನೆಗೆ ಹೋದ. ಆಳು ಆರಿಸುವುದು ಕಷ್ಟ ಅನ್ನುವುದು ಅವತ್ತಿನಿಂದಲೇ ಗೊತ್ತಿದ್ದ ಸಂಗತಿ.

ಸುಮ್ನೆ ಗಾಡಿಯಲ್ಲಿ ಸುತ್ತಿದರೆ ಅಪರಾಧ ಕಡಿಮೆಯಾಗುತ್ತದಾ ಅಂತಲೂ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1972-73ರಲ್ಲಿ 15 ಬೀಟುಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ಗಸ್ತು ಜಾಸ್ತಿ, ಒಂದರಲ್ಲಿ ಮೊದಲಿನ ಹಾಗೆ, ಒಂದರಲ್ಲಿ ಕರೆ ಬಂದರೆ ಮಾತ್ರ ಹೋಗುವುದು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜನರಿಗೆ ಗಸ್ತು ನಿಂತದ್ದೂ ತಿಳಿಯಲಿಲ್ಲ. ಆದರೆ 2009ರಲ್ಲಿ ಫಿಲಡೆಲ್ಫಿಯಾದಲ್ಲಿ ಗಲಾಟೆ ಜಾಸ್ತಿ ಇದ್ದ 60 ಜಾಗಗಳಿಗೆ ಪೊಲೀಸರನ್ನು ನಡೆದುಕೊಂಡು ಸುತ್ತಲು ಹಾಕಿದರು, ಅದರಲ್ಲೂ ಹೆಚ್ಚಿನವರು ಆಗಷ್ಟೇ ತರಬೇತಿ ಮುಗಿಸಿದ ಹೊಸಬರು. ಹಾಗೆ ಗಸ್ತು ಹಾಕದ ಅಂಥವೇ ಜಾಗಗಳಿಗೆ ಹೋಲಿಸಿದರೆ ಹಿಂಸೆಯ ಅಪರಾಧ 23 ಶೇಕಡಾ ಇಳಿಯಿತು. ಹಾಗಾಗಿ ಹಳೇ ಬೀಟು ಸರ್ ಹೇಳಿದ ‘ಕರೆ ಬರದಿದ್ದಾಗ ನಡೆಯುವುದು’ ಸಣ್ಣ ಮಾತಲ್ಲ, ಎಲ್ಲಿ ನಡೆಯುತ್ತೀರಿ ಅನ್ನುವುದು ಮುಖ್ಯ.

‘ಪರೀಕ್ಷೆ ಎಲ್ಲಿದೆ’ ಅಂದವರಿಗೆ. ಪರೀಕ್ಷೆ ಇದೆ, ಅದೂ ವಿಚಿತ್ರವಾಗಿ ನಡೆದದ್ದುಂಟು. ಅಮೆರಿಕದ ನ್ಯೂ ಲಂಡನ್ ಅನ್ನುವ ಊರಿನಲ್ಲಿ ಒಬ್ಬ ಅಭ್ಯರ್ಥಿಗೆ ಬುದ್ಧಿಶಕ್ತಿ ಪರೀಕ್ಷೆಯಲ್ಲಿ 33 ಅಂಕ ಬಂತು. ಅವರಿಗೆ ಬೇಕಿದ್ದದ್ದು 20ರಿಂದ 27. ಜಾಸ್ತಿ ಬುದ್ಧಿವಂತ, ಬೇಜಾರಾಗಿ ಬಿಟ್ಟು ಹೋಗುತ್ತಾನೆ ಅಂತ ಸಂದರ್ಶನಕ್ಕೇ ಕರೆಯಲಿಲ್ಲ. ಅವನು ಕೇಸು ಹಾಕಿದ, 2000ದಲ್ಲಿ ಮೇಲ್ಮನವಿ ಕೋರ್ಟು ಕೂಡ ಊರಿನವರ ಪರವೇ ಹೇಳಿತು.

ಬೆಳಗಿನ ಓಟ:
ಜಾಸ್ತಿ ಅಂಕ ಬಂದು ಫೇಲಾ?! ನನಗೆ ಆ ಭಯ ಇಲ್ಲ ಬಿಡಿ 😄

ಎರಡು ಸಲ ಫೇಲ್:
ನಗು ಬಂತು, ಆದರೆ ನನ್ನ ಕಥೆ ಕೇಳು ಗುರು. ಮೊದಲ ಸಲ ಓಟದಲ್ಲೇ ಹೋದೆ, ಅದು ಬಿಡು. ಎರಡನೇ ಸಲ ಎಲ್ಲ ಪಾಸ್. ಬರವಣಿಗೆ, ಓಟ, ಮೆಡಿಕಲ್, ಸಂದರ್ಶನ. ಕೊನೆಗೆ ಹಿನ್ನೆಲೆ ಪರಿಶೀಲನೆಯ ಫಾರಂ. ಇದುವರೆಗೆ ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ, ಯಾಕೆ ಬಿಟ್ಟಿರಿ, ಎಲ್ಲ ಬರೆಯಬೇಕು. ನಾನು ಒಂದು ಕಡೆ ಮೂರೇ ವಾರ ಕೆಲಸ ಮಾಡಿದ್ದೆ. ತಡವಾಗಿ ಬರುತ್ತೇನೆ ಅಂತ ತೆಗೆದುಹಾಕಿದ್ದರು. ಮೂರು ವಾರ ತಾನೆ, ಯಾರಿಗೆ ಗೊತ್ತಾಗುತ್ತೆ ಅಂತ ಬರೆಯಲಿಲ್ಲ. ಅವರು ಮನೆ ಅಕ್ಕಪಕ್ಕ ವಿಚಾರಿಸಲು ಬಂದಾಗ ಪಕ್ಕದ ಮನೆಯ ಅಂಕಲ್ ಒಳ್ಳೆಯ ಮನಸ್ಸಿನಿಂದಲೇ ‘ಹುಡುಗ ಒಳ್ಳೆಯವನು, ಅಲ್ಲೂ ಕೆಲಸ ಮಾಡಿದ್ದ’ ಅಂದುಬಿಟ್ಟರು.

ಅಲ್ಲಿಗೆ ಮುಗಿಯಿತು. ಕರೆದು ಕೇಳಿದರು, ಒಪ್ಪಿಕೊಂಡೆ. ಆ ಅಧಿಕಾರಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. ತಡವಾಗಿ ಬರುತ್ತಿದ್ದೆ ಅಂತ ಬರೆದಿದ್ದರೆ ಒಂದು ಪ್ರಶ್ನೆ ಕೇಳಿ ಮುಂದೆ ಹೋಗುತ್ತಿದ್ದೆವು, ನಾಳೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಾದವನು ಇವತ್ತೇ ಫಾರಂನಲ್ಲಿ ಮುಚ್ಚಿಟ್ಟರೆ ಹೇಗೆ? ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಲ, ಟ್ರಾಫಿಕ್ ದಂಡ, ಹಳೇ ಜಗಳ, ಸೋಷಿಯಲ್ ಮೀಡಿಯಾದಲ್ಲಿ ಹಾಕಿದ ಹುಚ್ಚು ಮಾತು, ಏನಿದ್ದರೂ ನೀನೇ ಬರೆದುಬಿಡು.

ಅಡ್ಡ ಮಾತು:
ಇದು ನನಗೆ ಹೊಸ ವಿಷಯ. ಅಂದರೆ ಸೇರುವವನಿಂದ ಪೂರಾ ಸತ್ಯ ಕೇಳುತ್ತಾರೆ, ಸೇರಿದ ಮೇಲೆ ‘ಕಳೆದುಹೋಗಿದೆ’ ಅಂತ ಬರೆಸಲು ಹೇಳುತ್ತಾರೆ. ಚೆನ್ನಾಗಿದೆ.

ಮೂರನೇ ಪಾಳಿ:
ಮೇಲಿನ ಮಾತು ಕುಟುಕಿದರೂ ನಿಜ. ನಾನು ಈಗಲೂ ಕೆಲಸದಲ್ಲಿದ್ದೇನೆ, ಒಂಬತ್ತು ವರ್ಷ ಆಯಿತು, ಹೆಣ್ಣು. ಹಾಗಾಗಿ ಯಾವ ಊರು, ಯಾವ ಠಾಣೆ ಅಂತ ಕೇಳಬೇಡಿ.

ಮೊದಲು ಎತ್ತರದ ಮಾತು, ಹುಡುಗಿಯರು ಓದುತ್ತಿದ್ದರೆ ಅಂತ. ಎಲ್ಲ ಕಡೆ ಒಂದೇ ನಿಯಮ ಇಲ್ಲ, ಬದಲಾಗುತ್ತಲೂ ಇದೆ. ಗ್ರೀಸ್‌ನಲ್ಲಿ ಗಂಡಿಗೂ ಹೆಣ್ಣಿಗೂ 1.70 ಮೀಟರ್ ಅಂತ ಇಟ್ಟಿದ್ದರು. ಒಬ್ಬ ಹೆಣ್ಣುಮಗಳು ಕೋರ್ಟಿಗೆ ಹೋದಳು, 2017ರಲ್ಲಿ ಯುರೋಪಿಯನ್ ಯೂನಿಯನ್‌ನ ಕೋರ್ಟು ಇಂಥ ನಿಯಮ ಹೆಂಗಸರ ವಿರುದ್ಧ ತಾರತಮ್ಯ ಆಗಬಹುದು, ಪೊಲೀಸ್ ಕೆಲಸದಲ್ಲಿ ಎತ್ತರ ಬೇಡದ ಕೆಲಸಗಳೂ ಇವೆ ಅಂತ ಹೇಳಿತು. ನಾನು ಎತ್ತರದ ಗೆರೆಗಿಂತ ಅರ್ಧ ಸೆಂಟಿಮೀಟರ್ ಮೇಲಿದ್ದೆ. ಜಗಳದ ಮನೆಗೆ ಹೋದಾಗ ನನ್ನ ಎತ್ತರ ಒಂದು ದಿನವೂ ಕೆಲಸಕ್ಕೆ ಬಂದಿಲ್ಲ.

ಕೆಲಸಕ್ಕೆ ಬಂದದ್ದು ಎಲ್ಲಿ ನಿಲ್ಲಬೇಕು ಅನ್ನುವ ತಿಳಿವಳಿಕೆ. ಬಾಗಿಲು ತಟ್ಟುವಾಗ ಬಾಗಿಲಿನ ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ನಿಲ್ಲು. ತಟ್ಟುವ ಮೊದಲು ಅರ್ಧ ನಿಮಿಷ ಸುಮ್ನೆ ಕೇಳಿಸಿಕೋ, ಒಳಗೆ ಎಷ್ಟು ದನಿ ಇವೆ, ಮಗು ಇದೆಯಾ. ಒಳಗೆ ಹೋದ ಮೇಲೆ ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಬೇಕು. ಅವರಿಬ್ಬರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣಬಾರದು, ಆದರೆ ಜೊತೆಗೆ ಬಂದ ಪೊಲೀಸ್ ನಿನಗೆ ಕಾಣುತ್ತಿರಬೇಕು. ಯಾರನ್ನೂ ಅಡುಗೆಮನೆಗೆ ಹೋಗಲು ಬಿಡಬಾರದು, ನೀರು ಕುಡಿಯುತ್ತೇನೆ ಅಂದರೂ. ಚಾಕು ಇರುವುದು ಅಲ್ಲೇ. ಆಮೇಲೆ ಕೂಗುತ್ತಿರುವವರ ಹತ್ತಿರ ನಾವೂ ಕೂಗಬಾರದು. ದನಿ ತಗ್ಗಿಸಿದರೆ ನಮ್ಮ ಮಾತು ಕೇಳಿಸಿಕೊಳ್ಳಲು ಅವರೂ ತಗ್ಗಿಸಬೇಕಾಗುತ್ತದೆ. ಹತ್ತರಲ್ಲಿ ಏಳು ಸಲ ಕೆಲಸ ಮಾಡುತ್ತದೆ. ಉಳಿದ ಮೂರು ಸಲ ಕೈ ಬಳಸಬೇಕಾಗಬಹುದು, ಅದಕ್ಕೂ ಅಳತೆ ಇದೆ. 1979ರ ವಿಶ್ವಸಂಸ್ಥೆಯ ನಡವಳಿಕೆ ಸಂಹಿತೆ ಹೇಳುವುದು ಬಲ ತೀರಾ ಅಗತ್ಯ ಇದ್ದಾಗ ಮಾತ್ರ, ಅದೂ ಆ ಕೆಲಸಕ್ಕೆ ಬೇಕಾದಷ್ಟೇ ಅಂತ. ಕೈಕೋಳ ಬಿದ್ದ ಮೇಲೆ ಹೊಡೆದ ಏಟು ಯಾವ ಕೆಲಸಕ್ಕೆ ಬೇಕಾಗಿತ್ತು ಅಂತ ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ.

ಇನ್ನೊಂದು ಕೆಲಸ ಇದೆ. ಅದನ್ನು ಯಾವ ಅಧಿಸೂಚನೆಯಲ್ಲೂ ಬರೆಯುವುದಿಲ್ಲ. ಸಾವಿನ ಸುದ್ದಿ ಮುಟ್ಟಿಸುವುದು. ಫೋನಿನಲ್ಲಿ ಹೇಳಬಾರದು, ಮನೆಗೇ ಹೋಗಬೇಕು, ಆದಷ್ಟು ಇಬ್ಬರು ಹೋಗಬೇಕು. ಹೆಸರು ಎರಡು ಸಲ ಖಾತ್ರಿ ಮಾಡಿಕೊಳ್ಳಬೇಕು. ಬಾಗಿಲಲ್ಲಿ ಹೇಳಬಾರದು, ಒಳಗೆ ಕೂರಿಸಬೇಕು. ಸೀರಿಯಸ್ ಆಗಿದ್ದಾರೆ, ಆಸ್ಪತ್ರೆಗೆ ಬನ್ನಿ ಅಂತ ತೇಲಿಸಬಾರದು, ತೀರಿಕೊಂಡಿದ್ದಾರೆ ಅಂತ ಬಾಯಿಬಿಟ್ಟು ಹೇಳಬೇಕು. ನಾನು ಮೊದಲ ಸಲ ಹೋದಾಗ ಸೇರಿ ಐದು ತಿಂಗಳಾಗಿತ್ತು. ರಾತ್ರಿ ಒಂದು ಗಂಟೆ. ಮಗ ಬೈಕ್ ಅಪಘಾತದಲ್ಲಿ ಹೋಗಿದ್ದ. ಅಮ್ಮ ಬಾಗಿಲು ತೆಗೆದರು, ಸಮವಸ್ತ್ರ ನೋಡಿದರು. ಒಳಗೆ ನಲ್ಲಿ ಬಿಟ್ಟಿದ್ದರು, ಬಕೆಟ್ ತುಂಬಿ ಹರಿಯುವ ಸದ್ದು ಕೇಳುತ್ತಿತ್ತು. ನಾನು ಹೇಳಿದೆ. ಅವರು ಅಳಲಿಲ್ಲ. ‘ಹೆಲ್ಮೆಟ್ ಹಾಕಿದ್ದನಾ?’ ಅಂತ ಕೇಳಿದರು. ಹಾಕಿದ್ದ ಅಂದೆ. ‘ಹಾಕಿದ್ದನಾ’ ಅಂತ ಇನ್ನೊಂದು ಸಲ ಕೇಳಿದರು. ಜೊತೆಗಿದ್ದ ಹಿರಿಯರು ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದರು. ಆ ಅಮ್ಮನ ತಂಗಿ ಬರುವವರೆಗೆ ಒಂದೂವರೆ ಗಂಟೆ ಅಲ್ಲೇ ಕೂತಿದ್ದೆವು. ಹೊರಗೆ ಬಂದ ಕೂಡಲೇ ವೈರ್‌ಲೆಸ್‌ನಲ್ಲಿ ಕರೆ, ಯಾರದೋ ಕಾರು ಗೇಟಿಗೆ ಅಡ್ಡ ಇದೆ ಅಂತ. ಹೋದೆವು. ಆ ಕಾರಿನವರು ನಮ್ಮ ಮೇಲೇ ರೇಗಾಡಿದರು. ಅಲ್ಲಿ ಸುಮ್ನಿರಲು ಬರಬೇಕು. ಎರಡು ವರ್ಷಕ್ಕೆ ಯಾರು ಬಿಟ್ಟು ಹೋಗುತ್ತಾರೆ ಅಂತ ಕೇಳಿದೆಯಲ್ಲ, ನಾನು ನೋಡಿದ ಹಾಗೆ ಸಾವಿನ ಮನೆಯಿಂದ ಬಂದವರು ಬಿಡುವುದು ಕಡಿಮೆ, ಈ ಕಾರಿನವರ ಹತ್ತಿರ ಬೈಸಿಕೊಂಡು ಬಿಡುವವರೇ ಜಾಸ್ತಿ.

ಬೆಳಗಿನ ಓಟ:
ಅಕ್ಕಾ, ಎರಡು ಸಲ ಓದಿದೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಇದನ್ನೆಲ್ಲ ತರಬೇತಿಯಲ್ಲಿ ಕಲಿಸುತ್ತಾರಾ?

ಓದಿದ್ದು ಜಾಸ್ತಿ:
ಎಷ್ಟು ದಿನ ಕಲಿಸುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ನಾರ್ವೆ, ಫಿನ್‌ಲ್ಯಾಂಡ್‌ಗಳಲ್ಲಿ ಪೊಲೀಸ್ ಆಗಲು ಮೂರು ವರ್ಷದ ಡಿಗ್ರಿ, ಅದರಲ್ಲೇ ಠಾಣೆಯ ಕೆಲಸವೂ ಸೇರಿದೆ. ಜಪಾನಿನಲ್ಲಿ ಹೈಸ್ಕೂಲು ಮುಗಿಸಿ ಬಂದವರಿಗೆ ಹತ್ತು ತಿಂಗಳು, ಡಿಗ್ರಿ ಮುಗಿಸಿದವರಿಗೆ ಆರು ತಿಂಗಳು ಶಾಲೆ, ಆಮೇಲೆ ಮೊದಲ ಕೆಲಸ ಸಾಮಾನ್ಯವಾಗಿ ಬೀದಿ ಮೂಲೆಯ ಪುಟ್ಟ ಠಾಣೆಯಲ್ಲಿ, ಕೋಬಾನ್ ಅನ್ನುತ್ತಾರೆ. ಜನ ಅಲ್ಲಿಗೆ ದಾರಿ ಕೇಳಲು, ಕಳೆದುಹೋದ ಕೊಡೆ ಕೇಳಲು ಬರುತ್ತಾರೆ. ಅಮೆರಿಕದ ಅಕಾಡೆಮಿಗಳಲ್ಲಿ 2018ರ ಲೆಕ್ಕದಂತೆ ಸರಾಸರಿ 833 ಗಂಟೆ, ಅದಾದ ಮೇಲೆ ಅನುಭವಿಯ ಜೊತೆ ಗಾಡಿಯಲ್ಲಿ ಕೂತು ಕಲಿಯುವುದು. ಮಾನಸಿಕ ಕಾಯಿಲೆ ಇರುವವರ ಜೊತೆ ಹೇಗೆ ಮಾತಾಡಬೇಕು ಅನ್ನುವ 40 ಗಂಟೆಯ ತರಬೇತಿ ಮೆಂಫಿಸ್‌ನಲ್ಲಿ 1988ರಲ್ಲಿ ಶುರುವಾಯಿತು, ಅದೂ ಅಂಥ ಒಬ್ಬನನ್ನು ಪೊಲೀಸರು ಗುಂಡಿಟ್ಟು ಕೊಂದ ಮೇಲೆ.

ಕಾನೂನು ಎಲ್ಲ ಕಡೆ ಓದಲೇಬೇಕು. ಯಾರನ್ನು ಯಾವಾಗ ಹಿಡಿಯಬಹುದು, ಹಿಡಿದವರಿಗೆ ಏನು ಹೇಳಬೇಕು. ಅಮೆರಿಕದಲ್ಲಿ ಸುಮ್ಮನಿರುವ ಹಕ್ಕು, ವಕೀಲರ ಹಕ್ಕು ಇದೆ ಅಂತ ವಿಚಾರಣೆಗೆ ಮುಂಚೆ ಹೇಳಬೇಕು, ಅದು 1966ರ ತೀರ್ಪಿನಿಂದ ಬಂದದ್ದು. ಭಾರತದಲ್ಲಿ ಬಂಧಿಸಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅಂತ ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಗಡಿಯಾರ ನೋಡದೆ ಬರೆದರೆ ಇಲ್ಲೂ ಸಿಕ್ಕಿಬೀಳುತ್ತೀರಿ.

ಬಾಗಿಲ ಚಿಲಕ:
ಎಲ್ಲರೂ ಹೋಗುವವರ ಮಾತು ಆಡಿದಿರಿ, ಮನೆಯಲ್ಲಿ ಕಾಯುವವರ ಮಾತು ನಾನು ಹೇಳುತ್ತೇನೆ. ನಮ್ಮವರು ಪೊಲೀಸ್, ಮದುವೆಯಾಗಿ 14 ವರ್ಷ. ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ರಾತ್ರಿ ಪಾಳಿಯ ವಾರದಲ್ಲಿ ಮಕ್ಕಳು ಹಗಲು ಪಿಸುಮಾತಿನಲ್ಲೇ ಆಡುತ್ತಾರೆ. ಹಬ್ಬ ಅಂದರೆ ಊರಿಗೆಲ್ಲ ರಜೆ, ಇವರಿಗೆ ಬಂದೋಬಸ್ತ್. ಮೊದಲ ವರ್ಷ ಚಿಲಕದ ಸದ್ದು ಬರುವವರೆಗೆ ನಿದ್ದೆ ಬರುತ್ತಿರಲಿಲ್ಲ. ಈಗ ಬರುತ್ತದೆ. ಕೆಲಸದಲ್ಲಿ ಏನಾಯಿತು ಅಂತ ಕೇಳಿದರೆ ‘ಏನಿಲ್ಲ’ ಅನ್ನುತ್ತಾರೆ. ಆ ಏನಿಲ್ಲದಲ್ಲೇ ಎರಡು ಮೂರು ತರ ಇದೆ, ಯಾವುದು ಯಾವುದು ಅಂತ ನನಗೆ ಈಗ ಗೊತ್ತಾಗುತ್ತದೆ.

ತಮ್ಮ, ಸೇರುವ ಮುಂಚೆ ಮನೆಯಲ್ಲಿ ಕೂತು ಮಾತಾಡು. ಅಮ್ಮನಿಗೂ ಹೇಳು, ಮುಂದೆ ಮದುವೆಯಾಗುವವಳಿಗೂ ಹೇಳು. ಸೇರಿದ ಮೇಲೆ ಹೇಳಿದರೆ ಅದು ಹೇಳಿದ ಹಾಗಲ್ಲ.

ಸೀಟಿ ಮಾಸ್ಟರ್:
ರಾತ್ರಿ ಪಾಳಿ ದೇಹಕ್ಕೆ ನಿಜವಾಗಿ ಭಾರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲದ್ದು’ ಅನ್ನುವ ಗುಂಪಿಗೆ ಸೇರಿಸಿದೆ. ನನ್ನ ಹತ್ತಿರ ಕಲಿತು ಸೇರಿದವರು ಐದು ವರ್ಷ ಆದಮೇಲೆ ಬಂದರೆ ಹೊಟ್ಟೆ ಮುಂದೆ ಬಂದಿರುತ್ತದೆ. ಓಟ ಪರೀಕ್ಷೆಗೆ ಮಾತ್ರ ಅಂದುಕೊಂಡವರ ಗತಿ ಇದು.

ಅಡ್ಡ ಮಾತು:
ನಾನು ಜಗಳಕ್ಕೇ ಬಂದವನು, ಒಪ್ಪುತ್ತೇನೆ. ಹುಡುಗನಿಗೆ ಒಂದೇ ಪ್ರಶ್ನೆ. ಇಷ್ಟೆಲ್ಲ ಕಲಿತು ಸೇರಿದೆ ಅಂತ ಇಟ್ಟುಕೋ. ಬೆರಳು ಉಳುಕಿದವನೊಬ್ಬ ಬಂದು ಫೋನ್ ಕಿತ್ತುಕೊಂಡರು ಅನ್ನುತ್ತಾನೆ. ಹಿಂದಿನಿಂದ ಸಾಹೇಬರು ‘ಕಳೆದುಹೋಗಿದೆ ಅಂತ ಬರೆದುಕೋ’ ಅನ್ನುತ್ತಾರೆ. ಏನು ಮಾಡುತ್ತೀಯ?

ಬೆಳಗಿನ ಓಟ:
ಕಿತ್ತುಕೊಂಡರು ಅಂತ ಬರೆಯುತ್ತೇನೆ ಅಂತ ಈಗ ಹೇಳುವುದು ಸುಲಭ. ಅವತ್ತು ಏನು ಮಾಡುತ್ತೇನೋ ಗೊತ್ತಿಲ್ಲ ಅಣ್ಣ. ನಿಜ ಹೇಳಿದೆ.

ಹಳೇ ಬೀಟು:
ಈ ಉತ್ತರ ಸಾಕು ನನಗೆ. ತಮ್ಮಾ, ಒಂದು ಕೆಲಸ ಕೊಡುತ್ತೇನೆ, ಮಾಡು. ನಾಳೆ ಸಂಜೆ ಯಾವುದಾದರೂ ನಾಲ್ಕು ರಸ್ತೆ ಸೇರುವ ಕಡೆ ಒಂದು ಗಂಟೆ ನಿಲ್ಲು. ಫೋನ್ ಜೇಬಿನಲ್ಲಿರಲಿ. ಕಂಡದ್ದರಲ್ಲಿ ಒಂದು ಸಂಗತಿಯನ್ನು ನಿಂತಲ್ಲೇ ಬರೆ, ಐದಾರು ಸಾಲು ಸಾಕು. ಇಲ್ಲಿ ಹಾಕು.

ಬೆಳಗಿನ ಓಟ:
ಸರ್, ಬರೆದೆ. ಹಾಕುತ್ತಿದ್ದೇನೆ.
“ಸಂಜೆ ಸುಮಾರು ಆರೂವರೆಗೆ ಒಬ್ಬ ಕುಡುಕ ರಸ್ತೆ ದಾಟುತ್ತಿದ್ದ. ವೇಗವಾಗಿ ಬಂದ ಸ್ಕೂಟರ್‌ನವನು ಅವನಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಇಬ್ಬರೂ ಜಗಳವಾಡಿದರು. ಸ್ಕೂಟರ್‌ನವನದೇ ತಪ್ಪು. ಆಮೇಲೆ ಅವನು ಅನುಮಾನ ಬರುವ ಹಾಗೆ ಹೊರಟುಹೋದ.”

ಹಳೇ ಬೀಟು:
ಕುಡುಕ ಅಂತ ಹೇಗೆ ಗೊತ್ತು? ಮೂಸಿ ನೋಡಿದೆಯಾ? ಕಾಲು ನೋವಿರುವವನೂ ತೂರಾಡುತ್ತಾನೆ, ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಇಳಿದರೂ ತೂರಾಡುತ್ತಾನೆ. ಕುಡುಕ ಅಂತ ಬರೆದು ಲಾಕಪ್ಪಿಗೆ ಹಾಕಿ ಬೆಳಗ್ಗೆ ನೋಡಿದರೆ ಸತ್ತಿರುತ್ತಾನೆ. ವೇಗ ಅಂದರೆ ಎಷ್ಟು, ಉಳಿದ ಗಾಡಿಗಳಿಗಿಂತ ಜಾಸ್ತಿನಾ? ತಪ್ಪು ಯಾರದು ಅಂತ ಹೇಳಲು ನೀನು ಜಡ್ಜಾ? ‘ಅನುಮಾನ ಬರುವ ಹಾಗೆ’ ಅಂದರೆ ಹೇಗೆ, ಏನು ಮಾಡಿದ? ಸುಮಾರು ಅನ್ನುವ ಪದ ನನ್ನ ಮುಂದೆ ಬರೆಯಬೇಡ. ಮತ್ತೆ ಬರೆ.

ಬೆಳಗಿನ ಓಟ:
“ಸಂಜೆ 6:32. ಸುಮಾರು 50 ವರ್ಷದ ಗಂಡಸು, ಬಿಳಿ ಅಂಗಿ, ಎಡಗಾಲು ಎಳೆದುಕೊಂಡು ಪೂರ್ವದಿಂದ ಪಶ್ಚಿಮಕ್ಕೆ ರಸ್ತೆ ದಾಟುತ್ತಿದ್ದರು. ಅವರ ಕಡೆಯ ಸಿಗ್ನಲ್ ಕೆಂಪಿತ್ತು. ಕಪ್ಪು ಸ್ಕೂಟರ್ ಉತ್ತರದಿಂದ ಬಂದು ಅವರಿಂದ ಒಂದು ಮಾರು ದೂರದಲ್ಲಿ ಬ್ರೇಕ್ ಹಾಕಿ ನಿಂತಿತು. ಗುದ್ದಲಿಲ್ಲ. ಇಬ್ಬರೂ ಎರಡು ನಿಮಿಷ ಕೂಗಾಡಿದರು, ಮಾತು ನನಗೆ ಕೇಳಿಸಲಿಲ್ಲ. 6:35ಕ್ಕೆ ಸ್ಕೂಟರ್ ದಕ್ಷಿಣಕ್ಕೆ ಹೋಯಿತು. ನಂಬರ್ ಪ್ಲೇಟಿಗೆ ಮಣ್ಣು ಮೆತ್ತಿತ್ತು, ಕೊನೆಯ ಎರಡು ಅಂಕಿ ಮಾತ್ರ ಕಂಡವು.”
ಸರ್, ವಯಸ್ಸಿಗೆ ‘ಸುಮಾರು’ ಬಿಟ್ಟು ಬೇರೆ ಪದ ಸಿಗಲಿಲ್ಲ. ಇನ್ನೊಂದು, ಸಿಗ್ನಲ್ ಕೆಂಪಿದ್ದದ್ದು ಆ ಗಂಡಸಿನ ಕಡೆ. ಮೊದಲ ಸಲ ಬರೆಯುವಾಗ ಅದು ನನಗೆ ನೆನಪೇ ಆಗಿರಲಿಲ್ಲ.

ಹಳೇ ಬೀಟು:
ವಯಸ್ಸಿಗೆ ಸುಮಾರು ಇರಲಿ. ಆ ಕೊನೆಯ ಎರಡು ಅಂಕಿ ಯಾವುವು? ಬರೆದಿಲ್ಲ ನೀನು.